ದೂರು ಕೊಟ್ಟವರು

ಶನಿವಾರ, ಮಧ್ಯಾಹ್ನ

ನಮ್ಮ ಮಗಳ ಅಪ್ಪನಿಗೆ,

ನಮಸ್ಕಾರ. ಬೇರೆ ಏನೆಂದು ಕರೆಯುವುದೋ ತಿಳಿಯದೆ ಹೀಗೆ ಬರೆದಿದ್ದೇನೆ. ಎರಡು ವರ್ಷದಿಂದ ಬೇರೆ ಬೇರೆ ಮನೆಯಲ್ಲಿದ್ದೇವೆ. ಭಾನುವಾರ ಬಾಗಿಲಲ್ಲಿ ಮಗಳನ್ನು ಒಪ್ಪಿಸುವಾಗ ಆಡುವ ನಾಲ್ಕು ಮಾತಿನಲ್ಲಿ ಇದು ಮುಗಿಯುವಂಥದ್ದಲ್ಲ. ನೇರವಾಗಿ ಕೇಳುತ್ತೇನೆ: ಮಗಳ ಶಾಲೆಯಲ್ಲಿ ನಾನು ನೋಡಿಕೊಳ್ಳುವ ಗ್ರಂಥಾಲಯದ ಮೇಲೆ ದೂರು ಕೊಟ್ಟವರು ನೀವೇನಾ?

ಕಳೆದ ತಿಂಗಳು ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿ, ಅಪ್ಪನ ಮನೆಗೂ ಅಮ್ಮನ ಮನೆಗೂ ಓಡಾಡುವ ಹುಡುಗಿಯ ಕಥೆಪುಸ್ತಕವನ್ನು ಕಪಾಟಿನಿಂದ ತೆಗೆಯಲು ಹೇಳಿದರು. ಯಾರ ದೂರು ಎಂದೆ. "ಅದನ್ನ ಕೇಳ್ಬೇಡಿ. ಗೊತ್ತಾದ್ರೆ ನಿಮಗೇ ಬೇಜಾರಾಗತ್ತೆ" ಎಂದರು. ಅಷ್ಟರಲ್ಲಿ ಸುದ್ದಿ ಆಡಳಿತ ಮಂಡಳಿಯ ಕಿವಿಗೂ ಬಿತ್ತು. ಮರುವಾರ ಇಬ್ಬರು ಸದಸ್ಯರು ಬಂದರು. ಅದೊಂದರಿಂದ ಅವರಿಗೆ ಸಮಾಧಾನವಾಗಲಿಲ್ಲ. ದೇಹದ ಚಿತ್ರಗಳಿರುವುದು, ರಾಜನನ್ನು ಗೇಲಿ ಮಾಡುವುದು, ದೆವ್ವದ್ದು, ಕಡಲ ಜೀವಿಗಳದ್ದು, ಎಲ್ಲವೂ ಚೀಲಕ್ಕೆ ಬಿದ್ದವು. ಪಾಪ, ಮೀನುಗಳು ಏನು ಮಾಡಿದವು ಎಂದು ಕೇಳಿದೆ. "ಮೊಟ್ಟೆ ಇಡೋದು, ಮರಿ ಹಾಕೋದು ಎಲ್ಲಾ ಇದೆಯಲ್ಲಮ್ಮಾ" ಎಂದು ಒಬ್ಬರು ಮುಖ ಸಿಂಡರಿಸಿದರು. ನಗು ಬಂತು, ನಗಲಿಲ್ಲ.

ಈಗ ಗ್ರಂಥಾಲಯದ ಪೀರಿಯಡ್ಡಿನಲ್ಲಿ ಗಲಾಟೆಯೇ ಇಲ್ಲ. ಮುಂಚೆ ಬಾಯಿ ಮುಚ್ಚಿಸಿ ಮುಚ್ಚಿಸಿ ನನ್ನ ಗಂಟಲು ಕಟ್ಟುತ್ತಿತ್ತು. ಮೊನ್ನೆ ಪುಟ್ಟ ಮಗುವೊಂದು ನಿಘಂಟು ಮುಟ್ಟುವ ಮುಂಚೆ, "ಟೀಚರ್, ಇದನ್ನ ತೆಗೆದ್ರೆ ಬೈತಾರಾ?" ಎಂದಿತು. ವಿಜ್ಞಾನದ ಮೇಷ್ಟ್ರು ಹೇಳಿದ್ದು ಇನ್ನೂ ಕೆಟ್ಟದ್ದು. ಆಕ್ಟೋಪಸ್‌ಗೆ ಎಷ್ಟು ಹೃದಯ ಎಂದು ತರಗತಿಯಲ್ಲಿ ಕೇಳಿದರಂತೆ. ನಮ್ಮ ಮಗಳು ಮೆಲ್ಲಗೆ "ಮೂರು" ಎಂದಳಂತೆ. ಭೇಷ್, ಎಲ್ಲಿ ಓದಿದೆ ಎಂದರೆ, "ನಾನೇನೂ ಓದಿಲ್ಲ ಸಾರ್, ಸುಮ್ನೆ ಅಂದೆ" ಎಂದು ತಲೆ ತಗ್ಗಿಸಿದಳಂತೆ. ಗೊತ್ತಿರುವುದನ್ನು ಬಚ್ಚಿಡುವುದು ಹೇಗೆ ಎಂಬುದನ್ನು ಮಾತ್ರ ಮಕ್ಕಳು ಈಗ ಚೆನ್ನಾಗಿ ಕಲಿಯುತ್ತಿದ್ದಾರೆ.

ನಾನು ಯಾರನ್ನೂ ಬಿಡದೆ ಅನುಮಾನಿಸಿದೆ. ನಾನು ಸ್ಟಾಫ್ ರೂಮಿಗೆ ಹೋದೊಡನೆ ಮಾತು ನಿಲ್ಲಿಸುವ ಗಣಿತದ ಟೀಚರನ್ನು, ತನ್ನ ಮಗಳು ಒಯ್ದಿದ್ದ ಪುಸ್ತಕ ವಾಪಸ್ ಕೊಡುವಾಗ ಪುಟ ಪುಟ ತಿರುವುವ ವ್ಯಾನ್ ಡ್ರೈವರನ್ನು. ಕೊನೆಗೆ ಗೇಟಿನ ಕಾವಲುಗಾರ ಹೇಳಿದ: "ಮೇಡಂ, ಆ ಪುಸ್ತಕ ತೆಗೆಯೋಕೆ ಮುಂಚೆ ನಿಮ್ಮ ಯಜಮಾನ್ರು ಬಂದಿದ್ರಲ್ಲ, ದೊಡ್ಡ ಮೇಡಂ ರೂಮಲ್ಲಿ ತುಂಬಾ ಹೊತ್ತು ಕೂತಿದ್ರು."

ಅದೂ ಕೆಲಸದ ದಿನ! ಶಾಲೆಯ ವಾರ್ಷಿಕೋತ್ಸವಕ್ಕೂ ನೀವು ನಿಮ್ಮ ಕನ್ನಡಕದ ಅಂಗಡಿ ಮುಚ್ಚಿದವರಲ್ಲ. ಏಕೆ ಬಂದಿದ್ದಿರಿ ಎಂದು ಬಾಗಿಲಲ್ಲಿ ಕೇಳಿದರೆ, "ಏನೋ ಕೆಲಸ ಇತ್ತು" ಎಂದು ಬೇರೆಲ್ಲೋ ನೋಡಿದಿರಿ. ಆ ಪುಸ್ತಕದಲ್ಲಿ ಅಪ್ಪನದೇ ತಪ್ಪು ಎಂದೇನೂ ಬರೆದಿಲ್ಲ. ಮಗಳು ಅದನ್ನು ಓದಿ ನಿಮ್ಮನ್ನು ಏನಾದರೂ ಕೇಳಿದಳೇ? ಉತ್ತರ ಹೊಳೆಯದೆ ಪುಸ್ತಕವನ್ನೇ ಮರೆಮಾಡಿಸಿದಿರಾ? ಹೌದಾದರೆ ಹೌದೆನ್ನಿ. ಎದುರೆದುರು ಜಗಳವಾಡಿದರೆ ತಡೆದುಕೊಂಡೇನು, ಕದ್ದು ಮಾಡಿದ್ದನ್ನು ತಡೆದುಕೊಳ್ಳಲಾರೆ.

ಇಂತಿ,
ಅವಳ ಅಮ್ಮ

ತಾ. ಕ.: ಲಕೋಟೆಗೆ ಅಂಟು ಹಚ್ಚುವಾಗ ಮಗಳು ಬಂದು ನಿಂತಳು. "ಅಪ್ಪನ್ನ ಬೈದು ಬರ್ದಿದ್ದೀಯಾ?" ಎಂದಳು. "ದೂರು ಕೊಟ್ಟಿದ್ದು ಅಪ್ಪ ಅಲ್ಲ. ದೊಡ್ಡ ಮೇಡಂಗೆ ನಾನೇ ಹೇಳಿದ್ದು" ಎಂದು ಬಿಕ್ಕಿದಳು. ಕಥೆ ಓದಿದ ಗೆಳತಿಯರು ಇವಳನ್ನು ಆ ಹುಡುಗಿಯ ಹೆಸರಿನಿಂದಲೇ ಕರೆಯುತ್ತಿದ್ದರಂತೆ. "ಅದೊಂದನ್ನ ತೆಗೀರಿ ಅಂದೆ ಅಷ್ಟೇ ಅಮ್ಮಾ. ಎಲ್ಲಾ ಹೋಗತ್ತೆ ಅಂತ ಗೊತ್ತಿರ್ಲಿಲ್ಲ." ಮುಖ್ಯೋಪಾಧ್ಯಾಯಿನಿ ನಿಮ್ಮನ್ನು ಕರೆಸಿದ್ದು ಅದಕ್ಕಂತೆ. ಅಮ್ಮನಿಗೆ ಹೇಳಬೇಡ ಎಂದು ಅವಳು ಅಂಗಲಾಚಿದ್ದಕ್ಕೆ ನೀವು ಬಾಯಿ ಬಿಡಲಿಲ್ಲ. ಮೇಲೆ ಬರೆದದ್ದನ್ನು ಹರಿದಿಲ್ಲ. ನಿಮ್ಮನ್ನು ಏನೆಂದುಕೊಂಡಿದ್ದೆ ಎಂಬುದು ನಿಮಗೂ ತಿಳಿದಿರಲಿ. ಸೋಮವಾರ ಅವಳೇ ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗಿ ಎಲ್ಲ ಪುಸ್ತಕಗಳನ್ನೂ ವಾಪಸ್ ಕೇಳುತ್ತಾಳಂತೆ, ಆ ಕಥೆಯನ್ನೂ ಸೇರಿಸಿ. ನಾವಿಬ್ಬರೂ ಬಾಗಿಲ ಹೊರಗೆ ನಿಂತಿರಬೇಕಂತೆ. "ನೀವಿಬ್ರೂ ಮಾತಾಡ್ಬಾರ್ದು, ನಾನೇ ಮಾತಾಡ್ತೀನಿ" ಎಂದಿದ್ದಾಳೆ. ಬನ್ನಿ. ಸುಮ್ಮನೆ ನಿಲ್ಲುವುದು ನಿಮಗೆ ಬರುತ್ತದೆ, ನಾನು ಕಲಿಯಬೇಕು.