ಗೋಡೆಯ ಮೇಲಿನ ಹಗ್ಗ

ಮೊಂತೆರೋನೆ, ಸೋಮವಾರ

ದೊಡ್ಡಪ್ಪನವರಿಗೆ ನಮಸ್ಕಾರ.

ಬಸ್ಸಿಳಿದವಳೇ ನೀವು ಹೇಳಿದ ಗೋಡೆ ನೋಡಿದೆ. ನಮ್ಮ ಬ್ರಾಂದಾಲ್ದಿ ಮನೆತನದ ಮೂಲಪುರುಷ, ಕತ್ತಿ ಹಿಡಿದು ಈ ಊರು ಗೆದ್ದ ಅಂತ ಊಟಕ್ಕೆ ಕೂತಾಗಲೆಲ್ಲ ನೀವು ಹೊಗಳುವ ದಳಪತಿ, ಪುರಭವನದ ಗೋಡೆಯ ಚಿತ್ರದಲ್ಲಿ ಒಂಟಿ ಕಾಲಿಗೆ ಹಗ್ಗ ಬಿಗಿಸಿಕೊಂಡು ತಲೆಕೆಳಗಾಗಿ ನೇತಾಡ್ತಿದ್ದಾನೆ. ಕೈಯಲ್ಲಿ ಕತ್ತಿಯಿಲ್ಲ, ಕೋಟೆ ಬಾಗಿಲಿನ ಬೀಗದ ಕೈ ಇದೆ. ಅವನನ್ನು ಕಾವಲಿಗೆ ಇಟ್ಟುಕೊಂಡಿದ್ದವರೇ ಈ ಊರಿನವರು. ಅವನು ತಾನೇ ಬಾಗಿಲು ತೆಗೆದು ಶತ್ರುಗಳನ್ನು ಒಳಗೆ ಬಿಟ್ಟನಂತೆ. ಆಸಾಮಿ ಕೈಗೆ ಸಿಗಲಿಲ್ಲ, ಅದಕ್ಕೇ ಅವಮಾನವಾಗಲಿ ಅಂತ ಅವನನ್ನು ಚಿತ್ರದಲ್ಲೇ ನೇತುಹಾಕಿದ್ದಾರೆ.

ನಮ್ಮ ಲಾಪೋ ಮದುವೆಯಾಗುವ ಹುಡುಗಿಯ ಅಜ್ಜಿ ನುನ್ಸಿಯಾತಾ ಬಣ್ಣದ ಕುಡಿಕೆ ಹಿಡಿದು ಅಲ್ಲೇ ನಿಂತಿದ್ದರು. ಪ್ರತಿ ವಸಂತದಲ್ಲೂ ಊರಿನವರು ಆ ಹಗ್ಗಕ್ಕೆ ಮಾತ್ರ ಹೊಸ ಬಣ್ಣ ಹಚ್ಚುತ್ತಾರೆ.

"ಹಗ್ಗ ಮಾಸಿದರೆ ನಿಮ್ಮಜ್ಜ ಇಳಿದು ಮತ್ತೆ ಓಡಿಹೋಗ್ತಾನೆ ಕಣೇ," ಅಂತ ನಕ್ಕರು. "ಮದುವೆಗೆ ಮುಂಚೆ ಇದಕ್ಕೆ ಸುಣ್ಣ ಹೊಡೆಸಿ ಅಂತ ಹೇಳೋಕೆ ಬಂದಿದೀಯಾ?"

ನೀವು ನನ್ನನ್ನು ಕಳಿಸಿದ್ದು ಅದಕ್ಕೇ. ಆದರೆ ನಾನು ಆ ಮಾತು ಎತ್ತಲಿಲ್ಲ, ಎತ್ತೋದೂ ಇಲ್ಲ. ನಿಮಗೆ ಎಷ್ಟೇ ಕೋಪ ಬಂದರೂ ಸರಿ.

ಆರೋಗ್ಯ ಚೆನ್ನಾಗಿದೆ, ಏಣಿ ಹತ್ತಿದ್ದಕ್ಕೆ ಮಂಡಿ ಮಾತ್ರ ಸ್ವಲ್ಪ ನೋಯ್ತಿದೆ. ನೀವು ಮಾತ್ರೆ ತಪ್ಪಿಸಬೇಡಿ.

ಕಾರ್ಡಿನಲ್ಲಿ ಜಾಗ ಮುಗೀತು. ನಮ್ಮ ಊಟದ ಮನೆಯಲ್ಲಿರುವ ಆ ದಳಪತಿಯ ಚಿತ್ರ ಇಳಿಸಿಡಿ. ಈ ಊರಿನ ಹುಡುಗಿ ಅದರ ಕೆಳಗೆ ಕೂತು ಉಣ್ಣಬಾರದು. ಈ ವರ್ಷ ಹಗ್ಗಕ್ಕೆ ಬಣ್ಣ ಹಚ್ಚಿದವಳು ನಾನೇ. ಗಂಟು ಬಿಗಿಯಾಗೇ ಹಾಕಿದ್ದೀನಿ.

ಓತ್ತಾವಿಯಾ ಬ್ರಾಂದಾಲ್ದಿ