ಅವರ ಜೇಬಿನ ರೋಟರ್

ಸೆಪ್ಟೆಂಬರ್ ೧೪, ಮಂಗಳವಾರ

ಪ್ರೀತಿಯ ಮೆಣಸಿನಕಾಯಿ,

ಹೇಗಿದ್ದೀಯ? ಪತ್ರ ಹಾಕಿ ಇಷ್ಟು ದಿನವಾದರೂ ಇವಳಿಂದ ಒಂದಕ್ಷರ ಇಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಪೆನ್ನು ಹಿಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ನನ್ನ ಅಕ್ಷರ ನನಗೇ ಓದಲಾಗುವುದಿಲ್ಲ ಎಂದು ಇಟ್ಟುಬಿಡುತ್ತಿದ್ದೆ. ಇವತ್ತೂ ಸಿಟ್ಟು ಇಳಿದಿಲ್ಲ, ಆದರೆ ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮ ಬಿಡಿಭಾಗಗಳ ಅಂಗಡಿಯಲ್ಲಿ ನಮ್ಮ ಮುದಿ ಕಾರಿನ ಡಿಸ್ಟ್ರಿಬ್ಯೂಟರಿಗೆ ಹೊಂದುವ ರೋಟರ್ ಒಂದಿದ್ದರೆ ಕಳಿಸು. ಮನೆಗಲ್ಲ, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ವಿಳಾಸಕ್ಕೆ.

ನಮ್ಮ ಯಜಮಾನರ ಕಾರುಭಕ್ತಿ ನಿನಗೆ ಗೊತ್ತಿಲ್ಲದ್ದೇನಲ್ಲ. ಕಾರು ನನಗೆ ನನ್ನಪ್ಪ ಕೊಟ್ಟದ್ದು, ಆದರೆ ಬಾನೆಟ್ಟಿನ ಒಳಗಿನದೆಲ್ಲ ಇವರದು. ಭಾನುವಾರ ಬಂದರೆ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಎಂಜಿನ್ನಿಗೆ ಕಿಡಿ ಹಂಚುವ ಆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತಂದಿಡುತ್ತಾರೆ. ಕೂದಲೆಳೆಯಂಥ ಬಿರುಕೇನಾದರೂ ಬಿಟ್ಟಿದೆಯಾ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಒಣಬಟ್ಟೆಯಲ್ಲಿ ಒರೆಸುತ್ತಾರೆ, ಎಳೆಮಗುವಿನ ಕಿವಿ ಒರೆಸುವ ಹಾಗೆ. ಆಮೇಲೆ ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟಿನ ಮಸಿ ಉಜ್ಜುವುದು, ತೆಳ್ಳನೆ ತಗಡು ತೂರಿಸಿ ಅದರ ಸಂದು ಅಳೆಯುವುದು. "ಈ ಸಂದು ಒಂಚೂರು ಹೆಚ್ಚುಕಡಿಮೆ ಆದ್ರೂ ಗಾಡಿ ಕೆಮ್ಮುತ್ತೆ ಕಣೇ" ಎನ್ನುತ್ತಾರೆ. ನಾನು ವಾರವಿಡೀ ಕೆಮ್ಮಿದೆ, ಒಂದು ಲೋಟ ಬಿಸಿನೀರು ಕೊಡಲಿಲ್ಲ. ಹೋಗಲಿ, ಕಾರು ಓಡುತ್ತಿತ್ತಲ್ಲ ಎಂದು ಸುಮ್ಮನಿದ್ದೆ.

ಈಗ ಹೊಸ ರೋಗ. ಮನೆ ಮುಂದೆ ಕಾರು ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿ ರೋಟರ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಹೆಬ್ಬೆರಳಿನಷ್ಟು ಕಪ್ಪು ಚೂರು ಅದು, ಆದರೆ ಪ್ಲಗ್ಗುಗಳಿಗೆಲ್ಲ ಸರದಿಯಂತೆ ಕರೆಂಟು ಹಂಚುವುದು ಅದೇ. ಅದಿಲ್ಲದಿದ್ದರೆ ಕಾರು ಬರೀ ಕೂರುವ ಬೆಂಚು. ಮಲಗುವಾಗ ಅದು ದಿಂಬಿನ ಕೆಳಗೆ, ಬೆಳಿಗ್ಗೆ ಆಫೀಸಿನ ಬಸ್ಸು ಹತ್ತುವಾಗ ಮತ್ತೆ ಜೇಬಿಗೆ. ಕೇಳಿದರೆ "ಕಳ್ಳರ ಕಾಟ" ಎನ್ನುತ್ತಾರೆ. ಈ ಕಾರಿಗೆ ಕಳ್ಳ! ಬಾಗಿಲು ತೆಗೆಯಲು ಕಿಟಕಿಯೊಳಗೆ ಕೈ ತೂರಿಸಬೇಕು, ರಿವರ್ಸ್ ಹಾಕಲು ಎರಡು ಕೈ ಸಾಲದು. ಕದ್ದವನೇ ಶಾಪ ಹಾಕಿ ವಾಪಸ್ ತಂದು ಬಿಟ್ಟುಹೋಗುತ್ತಾನೆ.

ನನ್ನ ಗತಿ ಹೇಳು. ಊರಾಚೆಯ ಕಾರ್ಖಾನೆಗಳಿಗೆ ಹೋಗಿ ಕೆಲಸಗಾರರ ಕಣ್ಣು ಪರೀಕ್ಷೆ ಮಾಡುವವಳು ನಾನು. ಗಾಜುಗಳ ಪೆಟ್ಟಿಗೆ, ಅಕ್ಷರದ ಬೋರ್ಡು ಎಲ್ಲ ಹೊತ್ತುಕೊಂಡು ಬಸ್ಸು ಹತ್ತುವುದಕ್ಕಾಗುತ್ತದಾ? ಹೊರಡುವ ಹೊತ್ತಿಗೆ ಕೀ ತಿರುಗಿಸಿದರೆ ಕಾರು ಬರೀ ಗೊರಗೊರ ಎನ್ನುತ್ತದೆ. ಇವರ ಆಫೀಸಿಗೆ ಫೋನ್ ಮಾಡಿದರೆ, "ಅಯ್ಯೋ, ಜೇಬಲ್ಲೇ ಉಳಿದುಬಿಡ್ತಲ್ಲ!" ಎನ್ನುತ್ತಾರೆ. ಒಂದು ಸಲ "ರೀ, ಮೇಜಿನ ಮೇಲಾದ್ರೂ ಇಟ್ಟು ಹೋಗಬಾರದಾ?" ಎಂದೆ. "ಕಳ್ಳ ನೋಡಿಬಿಟ್ರೆ?" ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಮ್ಮ ಅಂಗಡಿಯ ಮಾಲೀಕರು ಒಳ್ಳೆಯವರು, ಆದರೂ ಹೋದ ವಾರ ಹೇಳಿಯೇಬಿಟ್ಟರು: "ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀನಮ್ಮ, ಬೇಜಾರು ಮಾಡ್ಕೋಬೇಡಿ." ಈ ಕೆಲಸ ನನಗೆಷ್ಟು ಇಷ್ಟ ಎಂದು ನಿನಗೆ ಗೊತ್ತು. ಅದು ಹೋದರೆ ಮನೆಯಲ್ಲಿ ಕೂತು ಇವರ ಜೇಬು ಕಾಯುತ್ತಿರಬೇಕು.

ಮೊನ್ನೆಯದು ಕೇಳು. ರೋಟರ್ ಜೇಬಿನಲ್ಲಿದ್ದ ಹಾಗೇ ಅಂಗಿ ಒಗೆಯಲು ಬಿತ್ತು. ಅತ್ತೆ ಅದನ್ನು ತೆಗೆದು, ಹೊಲಿಗೆ ಯಂತ್ರದ್ದೇನೋ ಇರಬೇಕು ಎಂದು ದಾರದುಂಡೆಗಳ ಡಬ್ಬಿಗೆ ಹಾಕಿದರು. ಇವರು ಮನೆಯನ್ನೆಲ್ಲ ತಲೆಕೆಳಗು ಮಾಡಿದರು. ಮೊದಲು ತಡಕಿದ್ದು ಎಲ್ಲಿ ಗೊತ್ತಾ? ನನ್ನ ಕೈಚೀಲದಲ್ಲಿ. "ಎಲ್ಲಿ ಬಚ್ಚಿಟ್ಟೆ, ಹೇಳು" ಎಂದು ಗದರಿದರು. ಕೊನೆಗೆ ಅತ್ತೆಯೇ ಡಬ್ಬಿ ತಂದು, "ಇಷ್ಟು ಚೂರಿಗೆ ಇಷ್ಟು ರಂಪಾಟನಾ? ಅವಳಿಗೇ ಕೊಟ್ಟುಬಿಡೋ, ಅವಳ ಕಾರು ತಾನೇ" ಎಂದರು. ಇವರು ಅದನ್ನು ಜೇಬಿಗಿಳಿಸಿಕೊಂಡರು. ತಪ್ಪಾಯಿತು ಎನ್ನುವ ಮಾತು ಮಾತ್ರ ಬರಲಿಲ್ಲ.

ಅದಕ್ಕೇ ಬೇಗ ಕಳಿಸು. ಕೂರಿಸುವುದು ಹೇಗೆಂದು ಬರೆಯಬೇಡ; ಅಷ್ಟು ಭಾನುವಾರ ನೋಡಿಯೂ ಕಲಿಯದಿದ್ದರೆ ನನ್ನನ್ನು ದಡ್ಡಿ ಎನ್ನಬೇಕು. ಎರಡು ಕ್ಲಿಪ್ ಬಿಚ್ಚಿ, ಮುಚ್ಚಳ ಎತ್ತಿ, ಕಚ್ಚು ನೋಡಿ ಒತ್ತಿದರೆ ಆಯಿತು. ಸಂಜೆ ಇವರು ಬರುವಷ್ಟರಲ್ಲಿ ತೆಗೆದಿಟ್ಟರೆ ಮನೆಯಲ್ಲಿ ಗಲಾಟೆಯೂ ಇಲ್ಲ.

ನಿನ್ನ ಮಗಳ ಹಲ್ಲುನೋವು ಬೇಗ ಇಳಿಯಲಿ. ಗಿರಾಕಿಗಳು ನಿನ್ನ ತಲೆ ತಿನ್ನದಿರಲಿ. ನಿನ್ನ ಬಾಯಿ ಹೀಗೇ ಖಾರವಾಗಿ ನೂರು ವರ್ಷ ಬಾಳಲಿ.

ನಿನ್ನ
ಗೊಣಗುಬ್ಬಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಎದೆ ಹಗುರಾಗುವುದಿಲ್ಲ. ನಿನ್ನೆ ಇಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದೆವು. ಅಷ್ಟು ಜನಜಂಗುಳಿಯಲ್ಲಿ ಕಾರು ನಿಲ್ಲಿಸಿ, ಬಾನೆಟ್ ಮುಟ್ಟದೆ, ಇವರು ಚೀಲ ಹಿಡಿದು ಹೊರಟೇಬಿಟ್ಟರು. "ರೀ, ರೋಟರ್ ತೆಗೀಲಿಲ್ವಲ್ಲ?" ಎಂದು ನಾನೇ ಕೂಗಿ ನೆನಪಿಸಿದೆ. "ಇಲ್ಲಿ ಯಾಕೆ? ನೀನು ನನ್ನ ಜೊತೇಲೇ ಇದ್ದೀಯಲ್ಲ" ಎಂದರು. ಹಾಗೆಂದು ತರಕಾರಿ ಆರಿಸತೊಡಗಿದರು. ತಾನು ಏನು ಹೇಳಿದೆ ಎಂದು ಅವರಿಗೆ ತಿಳಿಯಲೂ ಇಲ್ಲ. ಈ ಕಳ್ಳರ ಕಾಟ ಯಾವಾಗ ಶುರುವಾಯಿತು ಎಂದು ನನಗೆ ಆಗ ಹೊಳೆಯಿತು: ನಾನು ಜಗಳವಾಡಿಕೊಂಡು, ಒಬ್ಬಳೇ ಕಾರು ಓಡಿಸಿಕೊಂಡು ಅಕ್ಕನ ಮನೆಗೆ ಹೋಗಿ ಒಂದು ವಾರ ಇದ್ದು ಬಂದ ಮೇಲೆ. ಅಲ್ಲೇ ಅಳು ಬಂತು ಕಣೇ. ವಾಪಸ್ ಬಂದದ್ದೂ ಅದೇ ಕಾರಿನಲ್ಲೇ ಅಲ್ಲವಾ, ಯಾರೂ ಕರೆಯದೆ, ನಾನಾಗಿಯೇ.