ಬಾಗಿಲು ಮನೆಯ ಲೆಕ್ಕಕ್ಕೇ ಬರುತ್ತದೆ

ಹಾಸ್ಟೆಲ್, ಎರಡನೇ ಮಹಡಿ
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಫೋನ್ ಇರುವಾಗ ಕಾಗದ ಬರೆಯುತ್ತಿರುವುದಕ್ಕೆ ಮೊದಲು ಕ್ಷಮಿಸು. ಲಕೋಟೆ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆನ್ನುತ್ತದೆ ಅಂತ ಗೊತ್ತು. ಗಾಬರಿಯಾಗಬೇಡ, ಜ್ವರಗಿರ ಏನೂ ಇಲ್ಲ. ಫೋನಿನಲ್ಲಿ ನನಗೆ ಭಯವಾದರೆ ಬಾಯಿಗೆ ಇಂಗ್ಲಿಷ್ ಬರುತ್ತದೆ, ನಿನಗೆ ಭಯವಾದರೆ ಹೊಲಿಗೆ ಮೆಷಿನ್ ಸದ್ದು ಜೋರಾಗುತ್ತದೆ. ಆಮೇಲೆ ಇಬ್ಬರೂ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇವೆ. ಇನ್ನೊಂದು ವಿಷಯ. ಆರನೇ ವಯಸ್ಸಿನಿಂದ ಶಾಲೆಯ ಹಾಸ್ಟೆಲಿನಲ್ಲಿ ಭಾನುವಾರ ಭಾನುವಾರ ನಿನಗೆ ಬರೆದ ಕಾಗದಗಳನ್ನೆಲ್ಲ ವಾರ್ಡನ್ ಓದಿದ ಮೇಲೇ ಅಂಟಿಸುತ್ತಿದ್ದರು. ನಾನು ಕ್ಷೇಮ, ಊಟ ಚೆನ್ನಾಗಿದೆ ಅನ್ನುವುದು ಬಿಟ್ಟು ಬೇರೇನು ಬರೆದರೂ ವಾಪಸು ಬರುತ್ತಿತ್ತು. ನಾನೇ ಅಂಟಿಸುವ ಮೊದಲ ಕಾಗದ ಇದು. ಕಾಗುಣಿತ ತಪ್ಪಿದ್ದರೆ ನಗಬೇಡ.

ಮೊದಲು ನಿನ್ನ ಪ್ರಶ್ನೆಗಳು. ಕಾನೂನು ಕಾಲೇಜಿಗೆ ಸೇರಿ ಇನ್ನೂ ಅರ್ಧ ವರ್ಷವಾಗಿಲ್ಲ, ನೀನು ಆಗಲೇ ಲಾಯರಮ್ಮ ಅಂತ ಕರೆಯುತ್ತೀಯ. ನಿನ್ನ ಹೊಲಿಗೆ ಅಂಗಡಿಯ ಪಕ್ಕದವರ ಬಾಡಿಗೆ ಜಗಳವನ್ನೂ ನನ್ನ ತಲೆಗೇ ಕಟ್ಟುತ್ತೀಯ. ನಮಗಿನ್ನೂ ಕರಾರು ಅಂದರೇನು ಅನ್ನುವ ಪಾಠವೇ ಮುಗಿದಿಲ್ಲ. ಆದರೂ ಲೈಬ್ರರಿಯಲ್ಲಿ ಕೂತು ಹುಡುಕಿದೆ, ಮೇಡಂ ಹಿಂದೆ ಮೆಟ್ಟಿಲು ಹತ್ತಿಳಿದು ಕೇಳಿದೆ.

ಮನೆ ಮಾರುವ ಕರಾರಿಗೆ ಸಹಿ ಹಾಕಿದ ಮೇಲೆ ಮಾರುವವರು ಹಿಂದೆ ಸರಿಯಬಹುದಾ ಅಂತ ನೀನು ಕೇಳಿದ್ದೆ. ಸುಮ್ಮನೆ ಮನಸ್ಸು ಬದಲಾಯಿತು ಅಂತ ಸರಿಯುವ ಹಾಗಿಲ್ಲ, ಕೊಳ್ಳುವವರು ಕೋರ್ಟಿಗೆ ಹೋಗಬಹುದು. ಯಾಕೆ ಕೇಳಿದೆ? ರಿಜಿಸ್ಟ್ರೇಷನ್‌ಗೆ ಮುಂಚೆ ಬೀಗದ ಕೈ ಕೊಡಬಹುದಾ ಅಂದೆ. ಬೇಡ. ಮನೆ ಕೊಳ್ಳುತ್ತಿರುವ ಹಲ್ಲಿನ ಡಾಕ್ಟರು ಎಷ್ಟೇ ಒಳ್ಳೆಯವರಾದರೂ ಬೇಡ. ಪರದೆಗೆ ಅಳತೆ ತೆಗೆಯಬೇಕು ಅಂದರೆ ನೀನು ಜೊತೆಯಲ್ಲಿ ನಿಂತು ತೆಗೆಸು, ಟೇಪು ನಿನ್ನ ಕುತ್ತಿಗೆಯಲ್ಲೇ ಇರುತ್ತದಲ್ಲ. ನನ್ನ ಸಹಿ? ಬೇಕೇ ಬೇಕು. ಅಪ್ಪ ಹೋದ ಮೇಲೆ ಮನೆ ನಮ್ಮಿಬ್ಬರ ಹೆಸರಿಗೂ ಬಂದಿದೆ, ನನಗೀಗ ಹದಿನೆಂಟು ತುಂಬಿದೆ. ರಜೆಯಲ್ಲಿ ಕರಾರಿಗೆ ಹಾಕಿದ ಸಹಿ ಸಾಲದು. ರಿಜಿಸ್ಟ್ರೇಷನ್ ದಿನ ನಾನೇ ಬರಬೇಕು, ಇಲ್ಲವೇ ನನ್ನ ಬದಲು ಸಹಿ ಹಾಕುವ ಅಧಿಕಾರವನ್ನು ನಿನಗೆ ಬರೆದುಕೊಡಬೇಕು. ಅದು ಮುಂದಿನ ವಾರದ ಶುಕ್ರವಾರಕ್ಕೆ ನಿಗದಿಯಾಗಿದೆ ಅಂತ ನೆನಪಿದೆ. ಆದರೆ ಇಲ್ಲಿ ಟೆಸ್ಟ್ ನಡೆಯುತ್ತಿವೆ ಅಮ್ಮ. ನಮ್ಮ ವಕೀಲರು ಕಳಿಸಿದ ಅಧಿಕಾರಪತ್ರಕ್ಕೆ ಮುದ್ರೆ ಹಾಕಿಸೋಣ ಅಂದರೆ ನೋಟರಿಯೂ ಸಿಗುತ್ತಿಲ್ಲ.

ಕೊನೆಯ ಪ್ರಶ್ನೆಯನ್ನು ನೀನು ಬೇರೆ ಯಾರದೋ ಸಮಾಚಾರ ಅನ್ನುವ ಹಾಗೆ ಕೇಳಿದೆ. ಮನೆ ಮಾರಿದವರು ಒಂದು ಬಾಗಿಲು ಬಿಚ್ಚಿಕೊಂಡು ಹೋದರೆ ಏನಾಗುತ್ತೆ ಅಂತ. ಯಾರಮ್ಮ ಅಂಥವರು ಅಂದರೆ ಗಿರಾಕಿ ಒಬ್ಬರು ಅಂದೆ. ಆ ಗಿರಾಕಿಗೆ ಹೇಳು: ಮಂಚ, ಕುರ್ಚಿ, ಕನ್ನಡಿ, ಎತ್ತಿಕೊಂಡು ಹೋಗುವಂಥದ್ದೆಲ್ಲ ಮಾರುವವರದು. ಗೋಡೆಗೋ ಚೌಕಟ್ಟಿಗೋ ಕೂರಿಸಿದ್ದು, ಕೊಡುವುದಿಲ್ಲ ಅಂತ ಮೊದಲೇ ಬರೆಸದಿದ್ದರೆ, ಮನೆಯ ಜೊತೆಗೇ ಹೋಗುತ್ತದೆ. ಬಾಗಿಲು ಮನೆಯ ಲೆಕ್ಕಕ್ಕೇ ಬರುತ್ತದೆ.

ಈಗ ನನ್ನದೊಂದು ಪ್ರಶ್ನೆ.

ಬೇಡ ಬಿಡು. ಹೊಸ ಫ್ಲ್ಯಾಟಿನಲ್ಲಿ ಗಾಳಿ ಬೆಳಕು ಹೇಗಿದೆ? ಒಂದೇ ಕೋಣೆಯಂತೆ, ವಕೀಲರು ಹೇಳಿದರು. ಒಳ್ಳೆಯದೇ ಆಯಿತು. ಮೆಟ್ಟಿಲಿಲ್ಲ, ನಿನ್ನ ಮಂಡಿಗೆ ಆರಾಮ, ಅಂಗಡಿಯೂ ಹತ್ತಿರ. ನನಗಂತೂ ಖುಷಿಯೇ. ಹೋದ ವಾರ ಇಲ್ಲಿನ ನನ್ನ ಮಂಚದ ಉದ್ದಗಲ ಯಾಕೆ ಕೇಳಿದೆ? ಮನೆಯಲ್ಲಿರುವುದನ್ನು ಮಾರಲಿಕ್ಕಾ? ಮಾರು, ಪರವಾಗಿಲ್ಲ. ವರ್ಷಕ್ಕೆರಡು ಸಲ ಬಂದು ಮಲಗುವವಳಿಗೆ ಮಂಚ ಯಾಕೆ? ರಜೆಯಲ್ಲೂ ಇಲ್ಲೇ ಇರಬಹುದಂತೆ, ಮೆಸ್ ಮಾತ್ರ ಮುಚ್ಚುತ್ತಾರಂತೆ.

ಇಷ್ಟು ಬರೆಯುವಷ್ಟರಲ್ಲಿ ಎಷ್ಟು ಸಲ ಎದ್ದು ಕಿಟಕಿ ಹತ್ತಿರ ಹೋಗಿ ಬಂದೆನೋ. ರೂಮ್‌ಮೇಟ್ ಗುಬ್ಬಿ, ಒಂದೋ ಕೂತ್ಕೋ, ಇಲ್ಲಾ ಹೊರಗೆ ಹೋಗು, ನನಗೆ ತಲೆ ತಿರುಗ್ತಿದೆ ಅಂತ ಬೈದಳು.

ಸಂಜೆ

ವಕೀಲರ ಫೋನ್ ಬಂದಿತ್ತು. ನೀನಾದ್ರೂ ನಿಮ್ಮಮ್ಮಂಗೆ ಹೇಳಮ್ಮ, ನನ್ನ ಕೈಲಾಗಲ್ಲ ಅಂದರು. ತಲೆ ಬೆಳ್ಳಗಾದರೂ ಬಾಗಿಲಿಗೋಸ್ಕರ ನಿಂತ ರಿಜಿಸ್ಟ್ರೇಷನ್ ನೋಡಿರಲಿಲ್ಲವಂತೆ.

ಗಿರಾಕಿಯಂತೆ, ಗಿರಾಕಿ!

ಎಲ್ಲಾ ಹೇಳಿದರು. ಸಾಮಾನು ಸಾಗಿಸುವವರಿಗೆ, ನಲವತ್ತೇಳು ಅಂತ ಬರೆದಿರೋದು ಒಂದೂ ಬಿಡಬೇಡಿ, ಅದೆಲ್ಲಾ ನನ್ನ ಮಗಳದು ಅಂದೆಯಂತೆ. ಅವರೂ ಹೇಳಿದ ಮಾತು ಮೀರದವರು. ಬಕೆಟ್ಟು, ಟ್ರಂಕು, ದಿಂಬು ಎಲ್ಲ ಕಟ್ಟಿ, ಆಮೇಲೆ ತಿರುಪು ಬಿಚ್ಚಿ ನನ್ನ ಕೋಣೆಯ ಬಾಗಿಲನ್ನೂ ಹೊತ್ತು ಗಾಡಿಗೆ ಹಾಕಿದ್ದಾರೆ.

ಬಾಗಿಲ ಮೇಲೆ ಆ ನಲವತ್ತೇಳನ್ನು ನಾನು ಬರೆದಾಗ ನನಗೆ ಏಳು ವರ್ಷ. ಶಾಲೆಯ ಹಾಸ್ಟೆಲಿನಲ್ಲಿ ಅದು ನನ್ನ ನಂಬರ್, ಅಲ್ಲಿ ನಂಬರ್ ಹಾಕದ್ದು ಯಾವುದೂ ನಮ್ಮದಲ್ಲ. ತಟ್ಟೆಗೆ, ಟವೆಲಿಗೆ, ಚಪ್ಪಲಿಯ ತಳಕ್ಕೆ, ಎಲ್ಲಕ್ಕೂ ಹಾಕಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಮಾಯ. ರಜೆಗೆ ಬಂದವಳು ಮತ್ತೆ ಹೊರಡುವ ಮುಂಚೆ ನಿನ್ನ ಕೆಂಪು ಉಗುರುಬಣ್ಣ ತೆಗೆದುಕೊಂಡು ಬಾಗಿಲಿಗೂ ಹಾಕಿದೆ. ನಾನಿಲ್ಲದಾಗ ಯಾರಾದರೂ ಎತ್ತಿಕೊಂಡು ಹೋದರೆ ಅಂತ. ನೀನು ಬೈಯಲಿಲ್ಲ. ಎರಡು ಸಲ ಮನೆಗೆ ಬಣ್ಣ ಹೊಡೆಸಿದಾಗಲೂ ಆ ನಂಬರಿನ ಸುತ್ತ ಬಳಿಸಿ ಅದನ್ನು ಹಾಗೇ ಉಳಿಸಿದ್ದೀಯ.

ಡಾಕ್ಟರು ಪರದೆಯ ಅಳತೆಗೆ ಬಂದು, ಬಾಗಿಲಿಲ್ಲದ ಕೋಣೆ ನೋಡಿ ವಕೀಲರಿಗೆ ಫೋನ್ ಮಾಡಿದರಂತೆ. ವಾಪಸು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನೀನು ಅಷ್ಟರಲ್ಲಿ ಬಡಗಿಯನ್ನು ಕರೆಸಿ, ಫ್ಲ್ಯಾಟಿನ ಹಾಲ್‌ನಲ್ಲಿ ಕಿಟಕಿಯಿದ್ದ ಕಡೆಗೆ ಹಲಗೆಯ ಅಡ್ಡಗೋಡೆ ಹಾಕಿಸಿ, ಅದಕ್ಕೆ ಆ ಬಾಗಿಲನ್ನೇ ಕೂರಿಸಿಬಿಟ್ಟಿದ್ದೀಯ. ಒಳಗೆ ಒಂದು ಮಂಚದ ಜಾಗ. ಬೇಕಾದ್ರೆ ಮನೆ ಇಟ್ಕೊಳ್ಳಲಿ, ಬಾಗಿಲು ನನ್ನ ಮಗಳದು ಅಂದೆಯಂತೆ. ಬಾಗಿಲು ಬರದೆ ಡಾಕ್ಟರು ಸಹಿ ಹಾಕುವುದಿಲ್ಲವಂತೆ.

ಫೋನ್ ಇಟ್ಟ ಮೇಲೆ ನಾನು ಅಳುತ್ತಿದ್ದೆ. ಏನಾಯ್ತೇ ಅಂತ ಗುಬ್ಬಿ ಕೇಳಿದಳು. ಬಾಗಿಲು ಅಂದೆ. ಅವಳು ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

ನೀನು ಒಂದು ಮಾತು ಮೊದಲೇ ಹೇಳಬಾರದಿತ್ತಾ? ಉದ್ದಗಲ ಕೇಳಿ ಫೋನ್ ಇಟ್ಟುಬಿಟ್ಟೆ. ನಾನು ವಾರಪೂರ್ತಿ ಏನೇನೋ ಅಂದುಕೊಂಡು ಒದ್ದಾಡಿದೆ.

ಈಗ ಲಾಯರಮ್ಮ ಹೇಳುವುದು ಕೇಳು. ಬಾಗಿಲು ವಾಪಸು ಕೊಡು. ಈ ಕಾಗದ ಸಿಕ್ಕ ದಿನವೇ ಕೊಡು. ಆ ಬಡಗಿಯನ್ನೇ ಕಳಿಸಿ ಮೊದಲಿದ್ದ ಚೌಕಟ್ಟಿಗೆ ಕೂರಿಸಿಕೊಡು. ಡಾಕ್ಟರು ಹೇಳುತ್ತಿರುವುದು ನ್ಯಾಯ, ಅವರು ಕೊಳ್ಳುತ್ತಿರುವ ಮನೆ ಅದು. ನಂಬರ್ ಅಳಿಸಲಿಕ್ಕೆ ಹೋಗಬೇಡ, ಬೇಕಾದರೆ ಅವರೇ ಬಣ್ಣ ಬಳಿದುಕೊಳ್ಳುತ್ತಾರೆ. ಅಡ್ಡಗೋಡೆ ಮಾತ್ರ ಇರಲಿ. ಅದಕ್ಕೆ ಬಾಗಿಲು ಯಾಕೆ? ಊರಿಗೆಲ್ಲ ಬಟ್ಟೆ ಹೊಲಿಯುವವಳು ನೀನು, ಮಗಳಿಗೊಂದು ಪರದೆ ಹೊಲಿಯಲಾರೆಯಾ?

ನಿನ್ನ
ಲಾಯರಮ್ಮ

ತಾ.ಕ.: ಟೆಸ್ಟ್ ಹೋದ ವಾರವೇ ಮುಗಿದಿವೆ. ನೋಟರಿಯ ಬೋರ್ಡು ನನ್ನ ಕಿಟಕಿಯಿಂದಲೇ ಕಾಣುತ್ತದೆ. ಸಹಿ ಹಾಕಿ ಇಬ್ಬರೂ ಆಫೀಸಿನಿಂದ ಆಚೆ ಬಂದ ಮೇಲೆ ನೀನು ನಿನ್ನ ಮನೆಗೆ ಹೋಗುತ್ತೀಯ, ನಾನು ಬ್ಯಾಗ್ ಹಿಡಿದು ಎಲ್ಲಿಗೆ ಹೋಗಲಿ ಅಂತ ಕೇಳಲಿಕ್ಕೆ ಧೈರ್ಯ ಬರಲಿಲ್ಲ. ಮುಂದಿನ ಗುರುವಾರದ ಬಸ್ಸಿಗೆ ಹೊರಟು ಬರುತ್ತೇನೆ. ಪರದೆಗೆ ನಂಬರ್ ಹಾಕಬೇಡ, ಅಲ್ಲಿ ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಆದರೆ ಈ ಕಾಗದವನ್ನು ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಹೊಸ ಮನೆಯದು ನನ್ನ ಹತ್ತಿರ ಇಲ್ಲ. ಬಸ್ಸಿಳಿದು ಯಾವ ಕಡೆಗೆ ಬರಬೇಕು? ದಯವಿಟ್ಟು ಬೇಗ ತಿಳಿಸು.